ಮೂರು ಬೆರಳು, ಇಡೀ ಮೈ

ಲ್ಯಾಟಿನ್ ಭಾಷೆ ನನಗೆ ಬಾರದು. ಆದರೂ ಕಳೆದ ಮಳೆಗಾಲದ ಒಂದು ಸಂಜೆ, ಫ್ರಾನ್ಸಿನ ಟೂರ್ ಪಟ್ಟಣದ ಸಂತ ಮಾರ್ಟಿನ್ ಮಠದಲ್ಲಿ 845ರ ಸುಮಾರಿಗೆ ಬರೆದ ಬೈಬಲ್ಲಿನ ಪುಟವೊಂದನ್ನು ಕಂಪ್ಯೂಟರಿನಲ್ಲಿ ತೆರೆದು ನೋಡುತ್ತ ಕುಳಿತಿದ್ದಾಗ, ಅದರ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿಕೊಂಡು ಓದಬಲ್ಲೆ ಎಂದು ತಿಳಿದು ಬೆರಗಾದೆ. ಪದಕ್ಕೂ ಪದಕ್ಕೂ ನಡುವೆ ತೆರಪಿತ್ತು. ಅಕ್ಷರಗಳು ಒಂದನ್ನೊಂದು ಮುಟ್ಟದೆ ದುಂಡಗೆ ನಿಂತಿದ್ದವು. ‘ಎಸ್’ ಅಕ್ಷರ ಮಾತ್ರ ‘ಎಫ್’ನ ಹಾಗೆ ಉದ್ದಕ್ಕೆ ಎದ್ದು ನಿಂತು ಕೊಂಚ ತಡೆಯಿತು. ಉಳಿದಂತೆ ‘ತೆರ್ರಾ’, ‘ಲುಕ್ಸ್’ ಎಂಬ ಪದಗಳನ್ನು, ಅಂದರೆ ಭೂಮಿಯನ್ನೂ ಬೆಳಕನ್ನೂ, ಐದನೆಯ ತರಗತಿಯ ಹುಡುಗನೊಬ್ಬ ಇಂಗ್ಲಿಷ್ ಪುಸ್ತಕ ಓದುವಷ್ಟೇ ಸಲೀಸಾಗಿ ಓದಿದೆ.

ಅದಾದ ಮೇಲೆ 14ನೇ ಶತಮಾನದ ಇನ್ನೊಂದು ಹಸ್ತಪ್ರತಿಯನ್ನು ತೆರೆದೆ. ಅದು ಮೊದಲಿನದಕ್ಕಿಂತ 500 ವರ್ಷ ನಮಗೆ ಹತ್ತಿರದ್ದು, ಆದರೂ ಒಂದು ಸಾಲೂ ಬಿಡಿಸಲಾಗಲಿಲ್ಲ. ಗೋಥಿಕ್ ಎಂದು ಕರೆಯುವ ಆ ಚೂಪು ಬರವಣಿಗೆಯಲ್ಲಿ ‘ಐ’, ‘ಎಂ’, ‘ಎನ್’, ‘ಯು’ ಎಲ್ಲವೂ ಒಂದೇ ಬಗೆಯ ನೆಟ್ಟನೆಯ ಗೆರೆಗಳು. ‘ಮಿನಿಮುಮ್’ ಎಂಬ ಪದವನ್ನು ಬರೆದರೆ ಬೇಲಿಯ ಗೂಟಗಳಂತೆ 15 ಗೆರೆಗಳು ಸಾಲಾಗಿ ನಿಲ್ಲುತ್ತವೆಯೇ ಹೊರತು ಅಕ್ಷರಗಳು ಕಾಣುವುದಿಲ್ಲ. ಹಳೆಯದು ಸುಲಭ, ಹೊಸದು ಕಠಿಣ. ಲಿಪಿಯ ವಿಷಯದಲ್ಲಿ ಇದು ತಲೆಕೆಳಗಾದ ಮಾತು. ನಮ್ಮ ಹಲ್ಮಿಡಿ ಶಾಸನವನ್ನೂ ವಿಜಯನಗರ ಕಾಲದ ಶಾಸನವನ್ನೂ ಪಕ್ಕಪಕ್ಕದಲ್ಲಿಟ್ಟರೆ ಯಾವುದು ಕಣ್ಣಿಗೆ ಹೆಚ್ಚು ಪರಿಚಿತವೆಂದು ಹೇಳಬೇಕಾಗಿಯೇ ಇಲ್ಲ. ಯುರೋಪಿನಲ್ಲಿ ಏಕೆ ಹೀಗಾಯಿತು ಎಂಬ ಪ್ರಶ್ನೆಯ ಬೆನ್ನು ಹತ್ತಿ ಹೋದಾಗ, ಪ್ರೌಢಶಾಲೆಯ ಸಮಾಜ ವಿಜ್ಞಾನದ ಶಿಕ್ಷಕನಾಗಿ ನಾನು 28 ವರ್ಷ ಕಪ್ಪುಹಲಗೆಯ ಮೇಲೆ ಎಳೆದ ಮೂರು ಚೌಕಗಳು ಸರಿಯಿರಲಿಲ್ಲವೆಂದು ಅರ್ಥವಾಯಿತು.

ಮೊದಲನೆಯ ಚೌಕದಲ್ಲಿ ‘ಪ್ರಾಚೀನ ಗ್ರೀಸ್ ಮತ್ತು ರೋಮ್’ ಎಂದು ಬರೆಯುತ್ತಿದ್ದೆ. ಎರಡನೆಯದರಲ್ಲಿ ‘ಅಂಧಕಾರ ಯುಗ’. ಮೂರನೆಯದರಲ್ಲಿ ‘ಪುನರುಜ್ಜೀವನ’. ಎರಡಕ್ಕೂ ಮೂರಕ್ಕೂ ನಡುವೆ ಒಂದು ಬಾಣದ ಗುರುತು ಹಾಕಿ 1453 ಎಂದು ಇಸವಿ ಬರೆದರೆ ಪಾಠ ಮುಗಿಯುತ್ತಿತ್ತು. ಆಟೊಮನ್ ತುರ್ಕರು ಕಾನ್‌ಸ್ಟಾಂಟಿನೋಪಲನ್ನು ಗೆದ್ದರು, ಗ್ರೀಕ್ ವಿದ್ವಾಂಸರು ಗ್ರಂಥಗಳೊಂದಿಗೆ ಇಟಲಿಗೆ ಓಡಿಬಂದರು, ಯುರೋಪು ಎಚ್ಚರಗೊಂಡಿತು. ಕರ್ನಾಟಕದಲ್ಲಿ ಹತ್ತನೆಯ ತರಗತಿ ಓದಿದವರಲ್ಲಿ 1453 ಎಂಬ ಇಸವಿಯನ್ನು ಮರೆತವರು ಕಡಿಮೆ. ಆ ಮಧ್ಯದ ಚೌಕದಲ್ಲಿ ಯಾರಿದ್ದರು, ಕತ್ತಲಲ್ಲಿ ಕುಳಿತು ಏನು ಮಾಡುತ್ತಿದ್ದರು ಎಂದು ಒಬ್ಬ ವಿದ್ಯಾರ್ಥಿಯೂ ಕೇಳಲಿಲ್ಲ. ನಾನೂ ಕೇಳಿಕೊಳ್ಳಲಿಲ್ಲ.

ಪ್ರಾಚೀನ ರೋಮಿನ ಪುಸ್ತಕವೆಂದರೆ ಪಪೈರಸ್ ಸುರುಳಿ. ನೈಲ್ ನದಿಯ ಜೌಗಿನಲ್ಲಿ ಬೆಳೆಯುವ ಜೊಂಡಿನ ತಿರುಳನ್ನು ಸೀಳಿ, ಅಡ್ಡಕ್ಕೂ ಉದ್ದಕ್ಕೂ ಹಾಸಿ, ಒತ್ತಿ ಒಣಗಿಸಿ ಮಾಡಿದ ಹಾಳೆಗಳನ್ನು ಅಂಟಿಸಿ ಸುತ್ತಿಡುತ್ತಿದ್ದರು. ಈಜಿಪ್ಟಿನ ಒಣ ಮರಳಿನಲ್ಲಿ ಅದು 2000 ವರ್ಷ ಬಾಳುತ್ತದೆ. ಯುರೋಪಿನ ತೇವದಲ್ಲಿ ಅಷ್ಟು ಕಾಲ ಬಾಳುವುದಿಲ್ಲ. ಆದ್ದರಿಂದ ಯಾವ ಕೃತಿಯನ್ನು ಕೆಲವು ತಲೆಮಾರುಗಳಿಗೊಮ್ಮೆ ಯಾರಾದರೂ ಕುಳಿತು ಮತ್ತೆ ಬರೆಯಲಿಲ್ಲವೋ ಆ ಕೃತಿ, ಯಾರೂ ಸುಡದಿದ್ದರೂ, ಯಾವ ದಾಳಿಯೂ ಆಗದಿದ್ದರೂ, ತಾನಾಗಿಯೇ ಪುಡಿಯಾಗಿ ಹೋಗುತ್ತಿತ್ತು. ಇತಿಹಾಸಕಾರ ಲಿವಿ ಬರೆದ 142 ಭಾಗಗಳ ರೋಮಿನ ಇತಿಹಾಸದಲ್ಲಿ ಇಂದು ನಮಗೆ ಉಳಿದಿರುವುದು 35 ಮಾತ್ರ. ಗ್ರಂಥಾಲಯಗಳ ಬೆಂಕಿಯ ಕಥೆಗಳನ್ನು ನಾವು ಮತ್ತೆ ಮತ್ತೆ ಹೇಳುತ್ತೇವೆ. ಬೆಂಕಿಗಿಂತ ಹೆಚ್ಚು ಪುಸ್ತಕಗಳನ್ನು ತಿಂದದ್ದು, ನಕಲು ಮಾಡುವ ಕೈ ಸಿಗದೆ ಹೋದದ್ದು ಎಂದೇ ನನ್ನ ನಂಬಿಕೆ.

ಇದನ್ನು ಚೆನ್ನಾಗಿ ಅರಿತಿದ್ದವರು ನಮ್ಮಲ್ಲಿಯೂ ಇದ್ದರು. 10ನೇ ಶತಮಾನದ ಕೊನೆಯಲ್ಲಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣಕ್ಕೆ 1000 ಓಲೆ ಪ್ರತಿಗಳನ್ನು ಮಾಡಿಸಿ ಹಂಚಿದಳೆಂಬುದನ್ನು ಶಾಲೆಯಲ್ಲಿ ‘ದಾನಚಿಂತಾಮಣಿ’ ಎಂಬ ಬಿರುದಿನ ವಿವರಣೆಯಾಗಿ ಮಾತ್ರ ಓದಿದ್ದೆವು. ಒಂದು ಕಾವ್ಯ ಉಳಿಯಬೇಕಾದರೆ ಅದರ ಪ್ರತಿಗಳು ಬೇರೆ ಬೇರೆ ಊರುಗಳಲ್ಲಿ, ಬೇರೆ ಬೇರೆ ಮನೆಗಳ ಅಟ್ಟಗಳಲ್ಲಿ ಇರಬೇಕೆಂಬ ತಿಳಿವಳಿಕೆ ಆ ದಾನದ ಹಿಂದೆ ಇತ್ತು.

ರೋಮಿನ ಆಡಳಿತ ಪಶ್ಚಿಮದಲ್ಲಿ ಕುಸಿದ ಮೇಲೆ ಆ ಕೆಲಸ ಕ್ರೈಸ್ತ ಮಠಗಳ ಪಾಲಿಗೆ ಬಂತು. 6ನೇ ಶತಮಾನದಲ್ಲಿ ಕಾಸಿಯೊಡೋರಸ್ ಎಂಬ ರೋಮನ್ ಅಧಿಕಾರಿ, ಇಟಲಿಯ ಗೋಥ್ ದೊರೆಗಳ ಆಸ್ಥಾನದಲ್ಲಿ ಬಹುಕಾಲ ದುಡಿದು, ಕೊನೆಗೆ ದಕ್ಷಿಣದ ತನ್ನ ಸ್ವಂತ ಜಮೀನಿನಲ್ಲಿ ವಿವೇರಿಯಮ್ ಎಂಬ ಮಠ ಕಟ್ಟಿ ಸನ್ಯಾಸಿಗಳನ್ನು ಪುಸ್ತಕದ ನಕಲಿಗೆ ಕೂರಿಸಿದ. ಲಿಪಿಕಾರ ಬರೆಯುವ ದೇವರ ಒಂದೊಂದು ಮಾತೂ ಸೈತಾನನ ಮೈಮೇಲೆ ಒಂದೊಂದು ಗಾಯ ಎಂದು ಅವರನ್ನು ಹುರಿದುಂಬಿಸಿದ. ತಪ್ಪಿಲ್ಲದೆ ಬರೆಯಲು ನೆರವಾಗಲೆಂದು ಅವನು ಕಾಗುಣಿತದ ಕೈಪಿಡಿಯೊಂದನ್ನು ರಚಿಸಿದ್ದು ತನ್ನ 93ನೆಯ ವರ್ಷದಲ್ಲಿ. ತಾನು ದುಡಿದ ಗೋಥ್ ರಾಜ್ಯವೇ ಅಳಿದುಹೋದುದನ್ನು ಕಣ್ಣಾರೆ ಕಂಡ ಮುದುಕನೊಬ್ಬ, ತೊಂಬತ್ತು ದಾಟಿದ ಮೇಲೆ ಪದಗಳ ಸರಿಯಾದ ಕಾಗುಣಿತಕ್ಕಾಗಿ ಕುಳಿತು ಬರೆದನೆಂಬುದನ್ನು ಓದಿದಾಗಲೆಲ್ಲ ನನ್ನ ಕಣ್ಣು ತೇವಗೊಳ್ಳುತ್ತದೆ.

ಟೂರ್ ಮಠದ ಆ ಸ್ಪಷ್ಟ ಅಕ್ಷರಗಳಿಗೆ ಮರಳುತ್ತೇನೆ. ಫ್ರಾಂಕರ ದೊರೆ ಶಾರ್ಲಮೇನ್ 800ರ ಕ್ರಿಸ್‌ಮಸ್ ದಿನ ರೋಮಿನಲ್ಲಿ ಚಕ್ರವರ್ತಿಯಾದವನು. ಅವನ ಚರಿತ್ರೆ ಬರೆದ ಐನ್‌ಹಾರ್ಡ್ ಹೇಳುವಂತೆ, ಬರೆಯಲು ಕಲಿಯಬೇಕೆಂಬ ಹಂಬಲದಿಂದ ಅವನು ದಿಂಬಿನ ಕೆಳಗೆ ಬರೆಯುವ ಹಲಗೆಗಳನ್ನು ಇಟ್ಟುಕೊಂಡು ಬಿಡುವಾದಾಗ ಅಕ್ಷರ ತಿದ್ದುತ್ತಿದ್ದ. ಆದರೆ ವಯಸ್ಸು ಮೀರಿ ತೊಡಗಿದ್ದರಿಂದ ಕೈ ಹಿಡಿತಕ್ಕೆ ಬರಲಿಲ್ಲ. ಕತ್ತಿ ಹಿಡಿದು ಗಟ್ಟಿಯಾದ ಆ ಬೆರಳುಗಳು ಅಕ್ಷರಕ್ಕೆ ಬಗ್ಗದೆ ಹೋದ ಚಿತ್ರ ಮನಸ್ಸಿನಿಂದ ಅಳಿಯುವುದಿಲ್ಲ. ತನಗೆ ಒಲಿಯದ ಅಕ್ಷರವನ್ನು ಅವನು ರಾಜ್ಯಕ್ಕೆ ಕೊಟ್ಟ. ಮಠಗಳಲ್ಲಿ ಹುಡುಗರಿಗೆ ಶಾಲೆ ನಡೆಯಬೇಕು, ಪುಸ್ತಕಗಳನ್ನು ಚೆನ್ನಾಗಿ ತಿದ್ದಬೇಕು, ಮುಖ್ಯ ಗ್ರಂಥಗಳನ್ನು ಪ್ರತಿ ಮಾಡುವ ಕೆಲಸವನ್ನು ಪಕ್ವ ವಯಸ್ಸಿನವರು ಪೂರ್ತಿ ಗಮನವಿಟ್ಟು ಮಾಡಬೇಕು ಎಂದು 789ರಲ್ಲಿ ಅಪ್ಪಣೆ ಹೊರಡಿಸಿದ. ಇಂಗ್ಲೆಂಡಿನ ಯಾರ್ಕ್‌ನಿಂದ ಕರೆಸಿಕೊಂಡಿದ್ದ ಆಲ್ಕ್ವಿನ್ ಎಂಬ ಗುರು 796ರಿಂದ 804ರಲ್ಲಿ ತೀರಿಕೊಳ್ಳುವವರೆಗೆ ಟೂರ್ ಮಠದ ಅಧಿಪತಿಯಾಗಿದ್ದ. ಮಠಕ್ಕೊಂದು, ಸೀಮೆಗೊಂದು ಎಂದು ಹರಿದು ಹಂಚಿಹೋಗಿದ್ದ ಬರವಣಿಗೆಗಳ ಜಾಗದಲ್ಲಿ, ಎಲ್ಲೆಡೆಯೂ ಓದಬಹುದಾದ ಒಂದು ತಿಳಿಯಾದ ಸಣ್ಣಕ್ಷರದ ಬರವಣಿಗೆ ಆ ಕಾಲದಲ್ಲಿ ಹರಡಿತು. ಪದಗಳ ನಡುವೆ ತೆರಪು ಬಿಡುವ ರೂಢಿ ಅದರೊಂದಿಗೆ ನೆಲೆಗೊಂಡಿತು. ಪ್ರಶ್ನೆಯನ್ನು ಸೂಚಿಸುವ ಚಿಹ್ನೆಯೂ ಬಂತು. ನಮ್ಮ ತಾಡವೋಲೆಗಳಲ್ಲಿ ಪದಗಳನ್ನು ಬಿಡಿಸದೆ ಒಂದೇ ಸಮನೆ ಬರೆದ ಸಾಲುಗಳೊಡನೆ ಹೆಣಗಿದವರಿಗೆ ಆ ಒಂದು ತೆರಪಿನ ಬೆಲೆ ಗೊತ್ತು.

ಒಂದು ಮಾತನ್ನು ಇಲ್ಲಿಯೇ ಸೇರಿಸಬೇಕು. ಶಾರ್ಲಮೇನ್ ತೀರಿಕೊಂಡದ್ದು 814ರ ಜನವರಿಯಲ್ಲಿ. ಮಾನ್ಯಖೇಟದ ಸಿಂಹಾಸನಕ್ಕೆ ಬಾಲಕ ಅಮೋಘವರ್ಷ ನೃಪತುಂಗ ಬಂದದ್ದೂ 814ರಲ್ಲಿಯೇ. ಟೂರ್ ಮಠದಲ್ಲಿ ನಾನು ನೋಡಿದ ಪುಟವನ್ನು ಬರೆಯುತ್ತಿದ್ದ ಕಾಲದಲ್ಲಿ ಕನ್ನಡದ ಕವಿಗಳಿಗೆ ದಾರಿ ತೋರುವ ಗ್ರಂಥ ನೃಪತುಂಗನ ಆಸ್ಥಾನದಲ್ಲಿ ರೂಪುಗೊಳ್ಳುತ್ತಿತ್ತು. ಎರಡಕ್ಕೂ ಸಂಬಂಧವಿಲ್ಲ. ಆದರೂ ಆ ಶತಮಾನವನ್ನು ಕತ್ತಲೆಂದು ಕರೆಯಲು ಕನ್ನಡಿಗನಾಗಿ ನನಗೆ ಬಾಯಿ ಬರುವುದಿಲ್ಲ.

ಒಂದು ಪುಸ್ತಕ ಸಿದ್ಧವಾಗುವ ಬಗೆಯನ್ನು ತಿಳಿದರೆ ಆ ಜನರ ಶ್ರಮ ಅರ್ಥವಾಗುತ್ತದೆ. ಪಪೈರಸ್ ಬರುವುದು ಅಪರೂಪವಾದ ಮೇಲೆ ಯುರೋಪಿನವರು ಬರೆದದ್ದು ಕುರಿ, ಆಡು, ಕರುಗಳ ಚರ್ಮದ ಮೇಲೆ. ಹಸಿ ಚರ್ಮವನ್ನು ದಿನಗಟ್ಟಲೆ ಸುಣ್ಣದ ನೀರಿನಲ್ಲಿ ನೆನೆಸಿ, ಕೂದಲು ಹೆರೆದು, ಮರದ ಚೌಕಟ್ಟಿಗೆ ಬಿಗಿದು ಎಳೆದು, ಅರ್ಧಚಂದ್ರಾಕಾರದ ಕತ್ತಿಯಿಂದ ಎರಡೂ ಬದಿ ತೆಳುವಾಗುವವರೆಗೆ ಕೆರೆಯಬೇಕು. ಆಮೇಲೆ ಮಡಿಸಿ, ಕತ್ತರಿಸಿ, ಅಂಚಿನಲ್ಲಿ ಸೂಜಿಮೊನೆಯಷ್ಟು ತೂತು ಚುಚ್ಚಿ, ತೂತಿನಿಂದ ತೂತಿಗೆ ಗೆರೆ ಎಳೆಯಬೇಕು. ಶಾಯಿಗೆ ಬಳಸುತ್ತಿದ್ದ ಪ್ರಸಿದ್ಧ ಸಾಮಗ್ರಿ ಓಕ್ ಮರದ ಮೇಲೆ ಕೀಟ ಮಾಡಿದ ಗಂಟು. ನಮ್ಮ ಗ್ರಂಥಿಗೆ ಅಂಗಡಿಯಲ್ಲಿ ಮಾಚಿಕಾಯಿ ಎಂದು ಮಾರುತ್ತಾರಲ್ಲ, ಎಳೆಮಕ್ಕಳಿಗೆ ತೇಯ್ದು ನೆಕ್ಕಿಸುವುದು, ಅದೇ ಜಾತಿಯದು. ಅದರ ಕಷಾಯಕ್ಕೆ ಅನ್ನಭೇದಿಯನ್ನೂ ಅಂಟನ್ನೂ ಬೆರೆಸಿದರೆ ಕಪ್ಪು ಶಾಯಿಯಾಗುತ್ತದೆ. ಅದು ಚರ್ಮದೊಳಕ್ಕೆ ಇಳಿದು ಕಚ್ಚಿಕೊಳ್ಳುತ್ತದೆ.

ಸ್ವಿಟ್ಜರ್ಲೆಂಡಿನ ಸಾಂಕ್ಟ್ ಗಾಲೆನ್ ಮಠದ ಗ್ರಂಥಾಲಯದಲ್ಲಿ 9ನೇ ಶತಮಾನದ ಮೊದಲ ಭಾಗದ್ದೊಂದು ಮಠದ ನಕ್ಷೆಯಿದೆ. ಐದು ಚರ್ಮದ ಹಾಳೆಗಳನ್ನು ಹೊಲಿದು ಮಾಡಿದ ಆ ನಕ್ಷೆಯಲ್ಲಿ ಚರ್ಚಿನ ಪಕ್ಕಕ್ಕೆ ಅಂಟಿಕೊಂಡ ಕೋಣೆಯೊಂದಿದೆ. ಕೆಳಗೆ ಬರೆಯುವವರ ಜಾಗ, ಮೇಲೆ ಗ್ರಂಥಾಲಯ ಎಂದು ಅದರಲ್ಲಿ ನಮೂದಿಸಿದ್ದಾರೆ. ಗೋಡೆಯುದ್ದಕ್ಕೂ ಏಳು ಬರೆಯುವ ಮೇಜುಗಳು, ನಡುವೆ ದೊಡ್ಡದೊಂದು ಮೇಜು. ನಕ್ಷೆಯ ಹಿಂಬದಿಯಲ್ಲಿ 12ನೇ ಶತಮಾನದ ಯಾರೋ ಸಂತ ಮಾರ್ಟಿನನ ಚರಿತ್ರೆಯನ್ನು ಬರೆದುಕೊಂಡರು. ಆ ಕಾರಣಕ್ಕೇ ಅದನ್ನು ಮಡಿಸಿ ಪುಸ್ತಕವಾಗಿ ಇಟ್ಟುಕೊಂಡರು, ನಕ್ಷೆ ಉಳಿಯಿತು.

ಆ ಏಳು ಮೇಜುಗಳಲ್ಲಿ ಕುಳಿತವರಂಥ ಲಿಪಿಕಾರರು ಪುಸ್ತಕದ ಕೊನೆಯಲ್ಲಿ ಆಗಾಗ ತಮ್ಮ ಮಾತೊಂದನ್ನು ಸೇರಿಸುತ್ತಿದ್ದರು. ಹಲವು ಹಸ್ತಪ್ರತಿಗಳಲ್ಲಿ ಮರಳಿ ಮರಳಿ ಬರುವ ಮಾತು ಇದು: ಬರೆಯುವುದು ಮೂರು ಬೆರಳು, ದಣಿಯುವುದು ಇಡೀ ಮೈ. ಇದನ್ನು ಮೊದಲ ಸಲ ಓದಿದ ಕ್ಷಣ ನನಗೆ ನೆನಪಾದದ್ದು ನಮ್ಮ ಓಲೆಗರಿಯ ಕಟ್ಟುಗಳ ಕೊನೆಯಲ್ಲಿ ಕಾಣುವ ಶ್ಲೋಕ:

ಭಗ್ನಪೃಷ್ಠಕಟಿಗ್ರೀವಃ ಸ್ತಬ್ಧದೃಷ್ಟಿರಧೋಮುಖಃ |
ಕಷ್ಟೇನ ಲಿಖಿತಂ ಗ್ರಂಥಂ ಯತ್ನೇನ ಪರಿಪಾಲಯೇತ್ ||

ಬೆನ್ನು, ಸೊಂಟ, ಕತ್ತು ಮುರಿದು, ದೃಷ್ಟಿ ನೆಟ್ಟು, ತಲೆ ತಗ್ಗಿಸಿ ಕಷ್ಟದಿಂದ ಬರೆದ ಗ್ರಂಥವಿದು, ಜತನದಿಂದ ಕಾಪಾಡಿ. ಒಬ್ಬ ಹಕ್ಕಿಯ ಗರಿಯನ್ನು ಶಾಯಿಯಲ್ಲಿ ಅದ್ದಿ ಚರ್ಮದ ಮೇಲೆ ಬರೆದವನು, ಇನ್ನೊಬ್ಬ ಕಬ್ಬಿಣದ ಮೊನೆಯಿಂದ ತಾಳೆಗರಿಯನ್ನು ಕೊರೆದವನು. ಒಬ್ಬರ ಹೆಸರನ್ನು ಇನ್ನೊಬ್ಬರು ಕೇಳಿದವರಲ್ಲ. ನೋವು ಮಾತ್ರ ಒಂದೇ ಜಾಗದಲ್ಲಿ, ಕತ್ತಿನಿಂದ ಸೊಂಟದವರೆಗೆ.

ತಪ್ಪುಗಳೂ ಒಂದೇ ಬಗೆಯವು. ನಮ್ಮ ಗ್ರಂಥಸಂಪಾದಕರು ಸ್ಖಾಲಿತ್ಯವೆಂದು ಕರೆಯುವುದು ಅಲ್ಲಿಯೂ ಉಂಟು. ಒಂದೇ ಪದ ಹತ್ತಿರ ಹತ್ತಿರದ ಎರಡು ಸಾಲುಗಳಲ್ಲಿ ಬಂದರೆ, ಮಾತೃಕೆಯಿಂದ, ಅಂದರೆ ನೋಡಿ ಬರೆಯುವ ಮೂಲ ಪ್ರತಿಯಿಂದ, ಕಣ್ಣು ತೆಗೆದು ತನ್ನ ಹಾಳೆಯ ಮೇಲೆ ಬರೆದು ಮತ್ತೆ ಮಾತೃಕೆಯತ್ತ ತಿರುಗುವ ಲಿಪಿಕಾರನ ದೃಷ್ಟಿ ಮೊದಲನೆಯ ಪದದ ಬದಲು ಎರಡನೆಯದರ ಮೇಲೆ ಬೀಳುತ್ತದೆ. ನಡುವಿನ ಸಾಲು ಆ ಪ್ರತಿಯಿಂದಲೂ ಅದರಿಂದ ಹುಟ್ಟುವ ಎಲ್ಲ ಪ್ರತಿಗಳಿಂದಲೂ ಕಾಣೆಯಾಗುತ್ತದೆ. ಅರ್ಥವಾಗದ ಪದವನ್ನು ಅರ್ಥವಾಗುವ ಪದಕ್ಕೆ ತಿದ್ದುವ ಒಳ್ಳೆಯ ಮನಸ್ಸಿನ ಅಪಾಯ ಇನ್ನೂ ದೊಡ್ಡದು.

ಈ ಸನ್ಯಾಸಿಗಳನ್ನು ಹೊಗಳುವ ಭರದಲ್ಲಿ ಮುಚ್ಚಿಡಬಾರದ ಸಂಗತಿಯೊಂದಿದೆ. ಚರ್ಮ ದುಬಾರಿಯಾದುದರಿಂದ ಹಳೆಯ ಪುಸ್ತಕದ ಅಕ್ಷರಗಳನ್ನು ತೊಳೆದು, ಕೆರೆದು, ಅದೇ ಹಾಳೆಯ ಮೇಲೆ ಬೇರೆಯದನ್ನು ಬರೆಯುವುದೂ ನಡೆದಿತ್ತು. ರೋಮಿನ ವಾಗ್ಮಿ ಸಿಸೆರೊ ರಾಜ್ಯವ್ಯವಸ್ಥೆಯ ಬಗ್ಗೆ ಬರೆದ ಗ್ರಂಥದಲ್ಲಿ ಇಂದು ಉಳಿದಿರುವುದರ ಬಹುಪಾಲು ನಮಗೆ ಸಿಕ್ಕಿದ್ದು 1819ರಲ್ಲಿ, ವ್ಯಾಟಿಕನ್ನಿನಲ್ಲಿ, ಬೈಬಲ್ಲಿನ ಕೀರ್ತನೆಗಳ ಮೇಲೆ ಸಂತ ಅಗಸ್ಟಿನ್ ಬರೆದ ವ್ಯಾಖ್ಯಾನದ ಅಕ್ಷರಗಳ ಕೆಳಗೆ ಮಸುಕಾಗಿ. ಆರ್ಕಿಮಿಡೀಸನ ಕೃತಿಗಳ 10ನೇ ಶತಮಾನದ ಪ್ರತಿಯೊಂದನ್ನು 13ನೇ ಶತಮಾನದಲ್ಲಿ ಕೆರೆದು ಪ್ರಾರ್ಥನಾ ಪುಸ್ತಕ ಮಾಡಿದರು. 1906ರಲ್ಲಿ ಡೆನ್ಮಾರ್ಕಿನ ವಿದ್ವಾಂಸ ಹೈಬರ್ಗ್ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಆ ಪುಸ್ತಕವನ್ನು ನೋಡಿ ಕೆಳಗಿನ ಗಣಿತವನ್ನು ಗುರುತಿಸಿದ. ಕಾಪಾಡಿದ ಕೈ, ಕೆರೆದ ಕೈ ಎರಡೂ ಒಂದೇ ಬಗೆಯ ಮಠಗಳವು. ಹಾಗಿದ್ದೂ, ಲೆಕ್ಕ ಹಾಕಿದಾಗ ತಕ್ಕಡಿ ಕಾಪಾಡಿದವರ ಕಡೆಗೇ ವಾಲುತ್ತದೆ. 800ಕ್ಕೆ ಮುಂಚಿನ ಎಲ್ಲ ಶತಮಾನಗಳನ್ನೂ ಕೂಡಿಸಿದರೆ ಉಳಿದಿರುವ ಲ್ಯಾಟಿನ್ ಪುಸ್ತಕಗಳು ಮತ್ತು ಅವುಗಳ ತುಣುಕುಗಳು ಸುಮಾರು 1800. 9ನೇ ಶತಮಾನ ಒಂದರಿಂದಲೇ ಉಳಿದಿರುವುದು ಸುಮಾರು 7000.

ಕತ್ತಲು ಎಂಬ ಮಾತು ಬಂದದ್ದು 14ನೇ ಶತಮಾನದ ಇಟಲಿಯ ಕವಿ ಪೆಟ್ರಾರ್ಕನಿಂದ. ರೋಮನ್ನರ ಮೇಲಿನ ಪ್ರೀತಿಯಿಂದ ಅವನು ತನ್ನ ಕಾಲವನ್ನೂ ಅದರ ಹಿಂದಿನ ಶತಮಾನಗಳನ್ನೂ ಕತ್ತಲೆಂದು ಕಂಡ. 1345ರಲ್ಲಿ ವೆರೋನಾ ನಗರದ ಕೆಥೆಡ್ರಲ್ ಗ್ರಂಥಾಲಯದಲ್ಲಿ ಸಿಸೆರೊ ತನ್ನ ಗೆಳೆಯ ಆಟಿಕಸನಿಗೆ ಬರೆದ ಪತ್ರಗಳು ಅವನಿಗೆ ಸಿಕ್ಕವು. 1453ಕ್ಕೆ ನೂರಕ್ಕೂ ಹೆಚ್ಚು ವರ್ಷ ಮುಂಚೆ! ತನ್ನ ಕಾಲದ ಇಕ್ಕಟ್ಟಾದ ಬರವಣಿಗೆ ಕಣ್ಣನ್ನು ದಣಿಸುತ್ತದೆಂದು ಮುಪ್ಪಿನಲ್ಲಿ ಅವನು ದೂರಿದ್ದೂ ಉಂಟು. ಅವನ ನಂತರದವರು, ಫ್ಲಾರೆನ್ಸಿನ ಕೊಲುಚ್ಚೊ ಸಲುತಾತಿ, ನಿಕೊಲೊ ನಿಕೊಲಿ, ಪೊಜ್ಜೊ ಬ್ರಾಚೊಲಿನಿ, ಹಳೆಯ ಪುಸ್ತಕಗಳನ್ನು ಹುಡುಕುವುದನ್ನೇ ಬದುಕಿನ ಕೆಲಸ ಮಾಡಿಕೊಂಡರು.

ಇವರಲ್ಲಿ ಪೊಜ್ಜೊ ಪೋಪರ ಕಾರ್ಯದರ್ಶಿ. ಕಾನ್‌ಸ್ಟಾನ್ಸ್ ಪಟ್ಟಣದಲ್ಲಿ ಸೇರಿದ್ದ ಚರ್ಚ್ ಮಹಾಸಭೆ 1415ರಲ್ಲಿ ಅವನ ಯಜಮಾನನನ್ನೇ ಪದಚ್ಯುತಿಗೊಳಿಸಿದಾಗ ಕೆಲಸವಿಲ್ಲದಂತಾಗಿ, ಸುತ್ತಲಿನ ಮಠಗಳ ಗ್ರಂಥಾಲಯಗಳನ್ನು ಜಾಲಾಡತೊಡಗಿದ. 1416ರಲ್ಲಿ ಸಾಂಕ್ಟ್ ಗಾಲೆನ್‌ನಲ್ಲಿ, ಮರಣದಂಡನೆಯಾದವರನ್ನೂ ಹಾಕಲಾರದಂಥ ಗೋಪುರದ ತಳದ ಕೊಳಕು ಕೋಣೆಯೊಂದರಲ್ಲಿ, ಧೂಳು ಹಿಡಿದು ಬಿದ್ದಿದ್ದ, ರೋಮಿನ ಭಾಷಣಕಲೆಯ ಗುರು ಕ್ವಿಂಟಿಲಿಯನ್ನನ ಪೂರ್ಣ ಗ್ರಂಥವನ್ನು ಕಂಡೆನೆಂದು ಗೆಳೆಯನಿಗೆ ಪತ್ರ ಬರೆದ. ಪುಸ್ತಕವನ್ನು ಸೆರೆಯಲ್ಲಿದ್ದ ಮನುಷ್ಯನೆಂಬಂತೆ ವರ್ಣಿಸಿದ್ದಾನೆ. ಆ ಪತ್ರ ಬಹಳ ಸುಂದರ, ಆದರೆ ಅದರಲ್ಲಿ ಒಂದು ಅನ್ಯಾಯವಿದೆ. ಸೆರೆಮನೆಯನ್ನು ಕಂಡ ಪೊಜ್ಜೊ, ಆ ಸೆರೆಯಾಳಿಗೆ ಶತಮಾನಗಳ ಕಾಲ ಅನ್ನ ಹಾಕಿದವರನ್ನು ಕಾಣಲಿಲ್ಲ. ಅವನ ಕೈಯಲ್ಲಿದ್ದದ್ದು ರೋಮಿನ ಕಾಲದ ಪುಸ್ತಕವಲ್ಲ. ಸನ್ಯಾಸಿಯೊಬ್ಬ ಬೆನ್ನು ಬಗ್ಗಿಸಿ ಬರೆದ ನಕಲು.

ಅಕ್ಷರಗಳ ಒಗಟು ಬಿಡುವುದೂ ಇಲ್ಲಿಯೇ. ಮಠಗಳಿಂದ ಹೊರತೆಗೆದ ಆ ಹಳೆಯ ಪ್ರತಿಗಳ ದುಂಡಾದ, ಬಿಡಿಯಾದ ಬರವಣಿಗೆಯನ್ನು ಫ್ಲಾರೆನ್ಸಿನ ಈ ಗೆಳೆಯರು ತಮ್ಮ ಕಾಲದ ಗೋಥಿಕ್ಕಿಗೆ ಹೋಲಿಸಿ ನೋಡಿದರು. ಇದೇ ಪ್ರಾಚೀನರ ಬರವಣಿಗೆಯೆಂದು ಬಗೆದು ‘ಪ್ರಾಚೀನ ಅಕ್ಷರ’ ಎಂದೇ ಅದನ್ನು ಕರೆದರು. 1400ರ ಆಸುಪಾಸಿನಲ್ಲಿ ಪೊಜ್ಜೊ ಅದನ್ನು ತನ್ನ ಕೈಯಲ್ಲಿ ರೂಢಿಸಿಕೊಂಡು ಬರೆಯತೊಡಗಿದ. ಗುಟೆನ್‌ಬರ್ಗ್ 1455ರ ಸುಮಾರಿಗೆ ಮೈಂಟ್ಸ್ ನಗರದಲ್ಲಿ ಅಚ್ಚು ಹಾಕಿದ ಬೈಬಲ್ ಗೋಥಿಕ್ ಅಕ್ಷರದ್ದು. ಆದರೆ 1470ರಲ್ಲಿ ವೆನಿಸ್ಸಿನಲ್ಲಿ ನಿಕೊಲಾ ಜೆನ್ಸನ್ ಎರಕ ಹೊಯ್ಸಿದ ಮೊಳೆಗಳು ಈ ‘ಪ್ರಾಚೀನ ಅಕ್ಷರ’ದ ಮಾದರಿಯವು. ‘ರೋಮನ್’ ಎಂದು ಇಂದಿಗೂ ಕರೆಯುವ ಆ ಮುದ್ರಣದ ಅಕ್ಷರಗಳಲ್ಲಿ ದೊಡ್ಡಕ್ಷರಗಳು ಮಾತ್ರ ರೋಮಿನ ಕಲ್ಲಿನ ಶಾಸನಗಳಿಂದ ಬಂದವು. ಸಣ್ಣಕ್ಷರಗಳೆಲ್ಲ ಶಾರ್ಲಮೇನನ ಕಾಲದ ಮಠಗಳವು. ಶಾಲೆಯ ಮಗು ದೊಡ್ಡ ‘ಎ’ ಪಕ್ಕದಲ್ಲಿ ಚಿಕ್ಕ ‘ಎ’ ತಿದ್ದುವಾಗ ಒಂದು ರೋಮಿನದು, ಇನ್ನೊಂದು ಎಂಟುನೂರು ವರ್ಷ ಕಿರಿಯದು. ಟೂರ್ ಮಠದ ಪುಟವನ್ನು ನಾನು ಓದಬಲ್ಲವನಾದದ್ದು ಈ ತಪ್ಪು ಗುರುತಿನ ದೆಸೆಯಿಂದ. ಕತ್ತಲ ಯುಗವೆಂದು ತಾವು ತಳ್ಳಿಹಾಕಿದ ಕಾಲದ ಕೈಬರಹವನ್ನೇ ಪುನರುಜ್ಜೀವನದ ವಿದ್ವಾಂಸರು ಪ್ರಾಚೀನದ ಬೆಳಕೆಂದು ಎದೆಗೊತ್ತಿಕೊಂಡಿದ್ದರು.

1453ರ ಪಾತ್ರವೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಗ್ರೀಕ್ ಗ್ರಂಥಗಳನ್ನು ಸಾವಿರ ವರ್ಷ ಉಳಿಸಿಕೊಂಡದ್ದು ಕಾನ್‌ಸ್ಟಾಂಟಿನೋಪಲ್ಲೇ. ಆದರೆ ಅಲ್ಲಿಂದ ಬಂದ ಮಾನುಯೆಲ್ ಕ್ರಿಸೊಲೊರಾಸ್ ಫ್ಲಾರೆನ್ಸಿನಲ್ಲಿ ಗ್ರೀಕ್ ಪಾಠ ಆರಂಭಿಸಿದ್ದು 1397ರಲ್ಲಿ. ನಗರ ಬಿದ್ದ ನಂತರ ಕಾರ್ಡಿನಲ್ ಬೆಸ್ಸಾರಿಯನ್ ತನ್ನ ಜನರ ಪುಸ್ತಕಗಳು ಪೂರ್ತಿ ಅಳಿಯದಿರಲೆಂದು ಸಂಗ್ರಹಿಸಿ, 1468ರಲ್ಲಿ ವೆನಿಸ್ ನಗರಕ್ಕೆ ಕೊಟ್ಟದ್ದರಲ್ಲಿ ಗ್ರೀಕ್ ಹಸ್ತಪ್ರತಿಗಳೇ 482. ಇನ್ನು ಬಾಗ್ದಾದಿನಲ್ಲಿ ಗ್ರೀಕ್ ವೈದ್ಯಗ್ರಂಥಗಳನ್ನು ಅನುವಾದಿಸಿದ ಹುನೈನ್, 1175ರಲ್ಲಿ ಟೊಲೇಡೊದಲ್ಲಿ ಟಾಲೆಮಿಯ ಖಗೋಳವನ್ನು ಅರಬ್ಬಿಯಿಂದ ಲ್ಯಾಟಿನ್ನಿಗೆ ತಂದ ಜೆರಾರ್ಡ್, ಇವರದೆಲ್ಲ ಇನ್ನೊಂದು ಬರಹಕ್ಕಾಗುವಷ್ಟು ದೊಡ್ಡ ಕಥೆ. ನನ್ನ ಕಪ್ಪುಹಲಗೆಯ ಒಂದು ಬಾಣದ ಗುರುತಿನ ಜಾಗದಲ್ಲಿ ಇಷ್ಟೆಲ್ಲ ದಾರಿಗಳಿದ್ದವು.

1417ರಲ್ಲಿ ಜರ್ಮನ್ ನಾಡಿನ ಮಠವೊಂದರಲ್ಲಿ ಪೊಜ್ಜೊಗೆ ಲುಕ್ರೀಷಿಯಸ್ ಎಂಬ ರೋಮನ್ ಕವಿಯ ದೀರ್ಘಕಾವ್ಯ ಸಿಕ್ಕಿತು. ಜಗತ್ತೆಲ್ಲ ಪರಮಾಣುಗಳಿಂದಾದುದು, ದೇವರುಗಳು ಮನುಷ್ಯರ ವ್ಯವಹಾರದಲ್ಲಿ ತಲೆಹಾಕುವುದಿಲ್ಲ, ದೇಹದೊಡನೆ ಆತ್ಮವೂ ಅಳಿಯುತ್ತದೆ ಎಂದು ಆ ಕಾವ್ಯ ವಾದಿಸುತ್ತದೆ. ಪೊಜ್ಜೊ ಪ್ರತಿ ಮಾಡಿಸಿ ನಿಕೊಲಿಗೆ ಕಳಿಸಿದ; ನಿಕೊಲಿ ಅದನ್ನು ಹಿಂದಿರುಗಿಸದೆ ಹನ್ನೆರಡು ವರ್ಷ ಇಟ್ಟುಕೊಂಡನೆಂದು ಪೊಜ್ಜೊ ಪತ್ರದಲ್ಲಿ ಗೋಳಾಡಿದ್ದಾನೆ. ಅವನು ಕಂಡ ಮೂಲ ಪ್ರತಿ ಈಗ ಇಲ್ಲ. ಆದರೆ ಅದೇ ಕಾವ್ಯದ, 9ನೇ ಶತಮಾನದಲ್ಲಿ ಬರೆದ ಎರಡು ಪ್ರತಿಗಳು ನೆದರ್‌ಲ್ಯಾಂಡ್ಸಿನ ಲೈಡನ್ ವಿಶ್ವವಿದ್ಯಾಲಯದಲ್ಲಿವೆ.

ಅವುಗಳಲ್ಲಿ ಹಾಳೆ ಉದ್ದವಾಗಿರುವ ಪ್ರತಿಯ ಉದ್ದಕ್ಕೂ ಇನ್ನೊಬ್ಬರ ಕೈಯ ತಿದ್ದುಪಡಿಗಳಿವೆ. ಲಿಪಿಕಾರ ತಪ್ಪಿದ ಕಡೆ ಅಕ್ಷರ ಸರಿಪಡಿಸಿ, ಬಿಟ್ಟ ಸಾಲುಗಳನ್ನು ಮತ್ತೆ ತುಂಬಿದ ಆ ಕೈ ಡುಂಗಲ್ ಎಂಬ ಐರಿಷ್ ಸನ್ಯಾಸಿಯದೆಂದು ಲಿಪಿತಜ್ಞರು ಗುರುತಿಸಿದ್ದಾರೆ. ಅವನು ಶಾರ್ಲಮೇನನಿಗೆ ಗ್ರಹಣದ ಬಗ್ಗೆ ಪತ್ರ ಬರೆದ ವಿದ್ವಾಂಸ. ಆತ್ಮಕ್ಕೆ ಸಾವಿಲ್ಲವೆಂದು ನಂಬಿ ದಿನವೂ ಪ್ರಾರ್ಥಿಸುತ್ತಿದ್ದ ಕ್ರೈಸ್ತ. ಆತ್ಮ ಸಾಯುತ್ತದೆಂದು ಒಂದರ ಮೇಲೊಂದು ಕಾರಣ ಕೊಡುವ ಕಾವ್ಯವನ್ನು ಮುಂದಿಟ್ಟುಕೊಂಡು, ಮಾತೃಕೆಯಲ್ಲಿ ಹೇಗಿತ್ತೋ ಹಾಗೆಯೇ ಇರಬೇಕೆಂದು, ಅವನು ಸಾಲು ಸಾಲಾಗಿ ತಿದ್ದುತ್ತ ಹೋಗಿದ್ದಾನೆ.